ರಾಹೇಲಳೂ ಇದ್ದ ಕ್ರಿಸ್‌ಮಸ್

ಕರ್ಜಿಕಾಯಿಯ ಅಂಚು ಮುಚ್ಚುವಾಗ ಅವಸರ ಮಾಡಬಾರದೆಂದು ಅವ್ವ ನಮಗೆ ಚಿಕ್ಕಂದಿನಿಂದಲೂ ಹೇಳಿಕೊಟ್ಟಿದ್ದಳು. ಲಟ್ಟಿಸಿದ ಹಾಳೆಯ ಸುತ್ತ ಹಾಲಿನ ಪಸೆ ಸವರಿ, ಹೂರಣ ಅಂಚಿಗೆ ತಾಗದಂತೆ ಮಡಚಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಚೂರು ಚೂರೇ ಹೊರಳಿಸುತ್ತ ಜಡೆ ಹೆಣೆದಂತೆ ಹೆಣೆಯಬೇಕು. ಎಲ್ಲಾದರೂ ಕೂದಲೆಳೆಯಷ್ಟು ಬಾಯಿ ಬಿಟ್ಟರೂ ಪುಟಾಣಿ ಹಿಟ್ಟು, ಬೆಲ್ಲ, ಕೊಬ್ಬರಿ ಎಲ್ಲವೂ ಎಣ್ಣೆಗೆ ಸುರಿದು ಬಾಣಲೆಯೇ ಕಪ್ಪಾಗುತ್ತದೆ. 2022ರ ಡಿಸೆಂಬರ್ 22ರ ರಾತ್ರಿ, ಒಮಾನಿನ ರಾಜಧಾನಿ ಮಸ್ಕತ್ತಿನ ರೂವಿಯಲ್ಲಿರುವ ನಮ್ಮ ಬಾಡಿಗೆ ಮನೆಯಲ್ಲಿ ನಾನು ಕರಿದ ಮೊದಲ ಏಳು ಕರ್ಜಿಕಾಯಿಗಳಲ್ಲಿ ಐದು ಬಾಯಿ ಬಿಟ್ಟವು. ನನ್ನ ಕೈ ನಡುಗುತ್ತಿತ್ತು. ಆ ವರ್ಷದ ಆಗಸ್ಟ್‌ನಲ್ಲಿ, ಏಳು ತಿಂಗಳು ತುಂಬಿದ ಮೇಲೆ, ನಮ್ಮ ಮಗು ಹೊಟ್ಟೆಯಲ್ಲಿಯೇ ತೀರಿಹೋಗಿತ್ತು.

ಆ ಸಲ ಹಬ್ಬ ಬೇಡವೆಂದೇ ನಾನು ಹೇಳಿದ್ದೆ. ನನ್ನ ಗಂಡ ವಾದಿಸಲಿಲ್ಲ. ಸಂಜೆ ಕೆಲಸ ಮುಗಿಸಿ ಬರುವಾಗ ಒಂದು ಕಿಲೋ ಬೆಲ್ಲ, ಒಣಕೊಬ್ಬರಿಯ ಎರಡು ಬಟ್ಟಲು, ಒಂದಿಷ್ಟು ಗಸಗಸೆಗೆ ಬದಲಾಗಿ ಎಳ್ಳು ತಂದು ಅಡುಗೆಕಟ್ಟೆಯ ಮೇಲಿಟ್ಟು ಸುಮ್ಮನಾದರು. ಬಳ್ಳಾರಿಯವರಿಗೆ ಬೆಲ್ಲ ಕೊಬ್ಬರಿಗಳನ್ನು ಒಟ್ಟಿಗೆ ನೋಡಿದ ಮೇಲೆ ಸುಮ್ಮನೆ ಕೂರುವುದು ಕಷ್ಟ. ನಮ್ಮೂರಿನ ಕೌಲ್ ಬಜಾರಿನ ಮನೆಯಲ್ಲಿ ಡಿಸೆಂಬರ್ ಮೊದಲ ವಾರವೇ ಬಾಗಿಲಿಗೆ ಕಾಗದದ ನಕ್ಷತ್ರ ಕಟ್ಟುತ್ತಿದ್ದರು. ಸಭೆಯ, ಅಂದರೆ ನಮ್ಮ ಚರ್ಚಿನ, ಹುಡುಗರು ನಡುರಾತ್ರಿ ಹಾಡುತ್ತ ಬಂದರೆ ಅವ್ವ ಮೂವತ್ತು ಜನರಿಗೆ ಚಹಾ ಕುದಿಸುತ್ತಿದ್ದಳು. ಹಬ್ಬದ ದಿನ ನಸುಕಿನ ಐದಕ್ಕೆ ಆರಾಧನೆ ಮುಗಿಸಿ ಬಂದವರೇ ಕರ್ಜಿಕಾಯಿ, ಚಕ್ಕುಲಿಗಳ ತಟ್ಟೆ ಹಿಡಿದು ಓಣಿಯ ಮನೆಗಳಿಗೆ ಓಡುತ್ತಿದ್ದೆವು. ಆ ತಟ್ಟೆಗಳು ಯುಗಾದಿಗೆ ಹೋಳಿಗೆಯನ್ನೂ ರಂಜಾನಿಗೆ ಸುರಕುಂಬಾವನ್ನೂ ಹೊತ್ತು ತಿರುಗಿ ಬರುತ್ತಿದ್ದವು.

ಒಮಾನಿನಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಹೀಗಾಗಿ ಇಲ್ಲಿನ ಸಭೆಗಳು ಮುಖ್ಯವಾಗಿ ಸೇರುವುದು ಶುಕ್ರವಾರ, ಮತ್ತು ಆ ವರ್ಷ ಭಾನುವಾರವೇ ಬಿದ್ದ ಕ್ರಿಸ್‌ಮಸ್ ನಮ್ಮ ಪಾಲಿಗೆ ವಾರದ ಮೊದಲ ಕೆಲಸದ ದಿನವಾಗಿತ್ತು. ಸುಲ್ತಾನ್ ಕಾಬೂಸರು ಕ್ರೈಸ್ತರಿಗೆ ಕೊಟ್ಟ ಜಾಗಗಳಲ್ಲಿ, ರೂವಿಯಲ್ಲಿ ಮತ್ತು ಘಾಲಾದಲ್ಲಿ, ಚರ್ಚುಗಳಿವೆ. ಒಂದೇ ಆವರಣದಲ್ಲಿ ಗಂಟೆಗೊಂದು ಭಾಷೆಯವರು ಬಂದು ಆರಾಧಿಸಿ ಹೋಗುತ್ತಾರೆ. ಕನ್ನಡ ಬಲ್ಲ ಕೆಲವು ಕುಟುಂಬಗಳು ಅಲ್ಲಿಯೇ ಒಂದು ಕೋಣೆಯಲ್ಲಿ ಸೇರುತ್ತೇವೆ. ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ನಾನು ಆ ಕೋಣೆಗೆ ಹೋಗಿರಲಿಲ್ಲ.

ಹೋಗದಿರಲು ಕಾರಣವಿತ್ತು. ಮಗುವನ್ನು ಮಣ್ಣು ಮಾಡಿ ಬಂದ ವಾರದಲ್ಲಿಯೇ, ನಮ್ಮ ಮೇಲೆ ನಿಜವಾಗಿಯೂ ಪ್ರೀತಿಯಿದ್ದ ಒಬ್ಬರು ಮನೆಗೆ ಬಂದು, ಇದು ದೇವರ ಚಿತ್ತವೆಂದೂ, ವಿಶ್ವಾಸವಿದ್ದವರು ಇಷ್ಟು ಅಳಬಾರದೆಂದೂ ಹೇಳಿದ್ದರು. ಒಳ್ಳೆಯ ಮನಸ್ಸಿನಿಂದ ಆಡಿದ ಮಾತು ಎಷ್ಟು ಆಳಕ್ಕೆ ಇರಿಯಬಲ್ಲದೆಂಬುದು ನನಗೆ ಅಂದು ಗೊತ್ತಾಯಿತು. ಅಂದಿನಿಂದ ಮೊಣಕಾಲೂರಿದರೆ ಬಾಯಿಗೆ ಒಂದು ಮಾತೂ ಬರುತ್ತಿರಲಿಲ್ಲ. ವೃತ್ತಿಯಿಂದ ನಾನು ನರ್ಸ್. ಪರರ ನೋವಿನ ಹಾಸಿಗೆಯ ಪಕ್ಕದಲ್ಲಿ ನಿಂತು ಏನು ಹೇಳಬೇಕೆಂದು ಬಲ್ಲವಳು. ನನ್ನ ಹಾಸಿಗೆಯ ಪಕ್ಕದಲ್ಲಿ ಏನು ಹೇಳಬೇಕೆಂಬುದು ಮಾತ್ರ ಗೊತ್ತಿರಲಿಲ್ಲ. ಆಪ್ತ ಸಮಾಲೋಚಕಿಯೊಬ್ಬರ ಬಳಿಗೆ ಆರು ವಾರ ಹೋದೆ. ಅದನ್ನು ಇಲ್ಲಿ ಬರೆಯಲು ನನಗೆ ಸಂಕೋಚವಿಲ್ಲ, ಏಕೆಂದರೆ ಪ್ರಾರ್ಥಿಸುವವರು ಅಲ್ಲಿಗೆ ಹೋಗಬಾರದೆಂಬ ತಪ್ಪು ತಿಳಿವಳಿಕೆ ನಮ್ಮ ಸಭೆಗಳಲ್ಲಿ ಇನ್ನೂ ಇದೆ.

ಪ್ರಾರ್ಥನೆ ಬರುತ್ತಿಲ್ಲವೆಂದು ಫೋನಿನಲ್ಲಿ ಹೇಳಿಕೊಂಡಾಗ ಅವ್ವ ಉಪದೇಶ ಮಾಡಲಿಲ್ಲ. "ಮಾತು ಬರದಿದ್ರ ಬ್ಯಾಡವ್ವ. ಕೀರ್ತನೆ ತಗದು ಓದು. ನಿನ್ನ ಬದಲಿಗೆ ಅವರು ಅತ್ತಾರ," ಎಂದಷ್ಟೇ ಹೇಳಿ, ಊಟ ಮಾಡಿದೆಯಾ ಎಂದು ಕೇಳಿ ಫೋನಿಟ್ಟಳು.

ಹೀಗೆ ಬೈಬಲಿನ ಕೀರ್ತನೆಗಳ ಪುಸ್ತಕಕ್ಕೆ ಬಂದೆ. 13ನೆಯ ಕೀರ್ತನೆ ದೇವರನ್ನು "ಎಷ್ಟರ ವರೆಗೆ" ಎಂದು ಮೊದಲ ಎರಡೇ ವಚನಗಳಲ್ಲಿ ನಾಲ್ಕು ಸಲ ಕೇಳುತ್ತದೆ. ಅದು ಕೊನೆಯಲ್ಲಿ ಹೇಗೋ ಹಾಡಿಗೆ ತಿರುಗುತ್ತದೆ. 88ನೆಯದು ತಿರುಗುವುದೇ ಇಲ್ಲ. ಅದರ 18 ವಚನಗಳೂ ಕೂಗಿಕೊಂಡು, ಕತ್ತಲೆಯ ಮಾತಿನಲ್ಲಿಯೇ ನಿಂತುಬಿಡುತ್ತವೆ. ಸಮಾಧಾನದ ಒಂದು ಸಾಲನ್ನೂ ಅಂಟಿಸದೆ ಈ ಪ್ರಾರ್ಥನೆಯನ್ನು ಹಾಗೆಯೇ ಪವಿತ್ರ ಗ್ರಂಥದಲ್ಲಿ ಉಳಿಸಿಕೊಂಡವರ ಬಗ್ಗೆ ನನಗೆ ದೊಡ್ಡ ಗೌರವ ಹುಟ್ಟಿತು. ರೋಮಾಪುರದವರಿಗೆ ಬರೆದ ಪತ್ರದ 8ನೆಯ ಅಧ್ಯಾಯದಲ್ಲಿ, ತಕ್ಕಂತೆ ಬೇಡಿಕೊಳ್ಳಲು ನಮಗೆ ತಿಳಿಯದಿದ್ದಾಗ ದೇವರ ಆತ್ಮನೇ ಮಾತಿಗೆ ನಿಲುಕದ ನರಳಾಟದಿಂದ ನಮಗಾಗಿ ಬೇಡಿಕೊಳ್ಳುತ್ತಾನೆಂದು ಪೌಲನು ಬರೆದಿರುವುದನ್ನು ಎಷ್ಟೋ ಸಲ ಓದಿದ್ದೆ. ರಾತ್ರಿ ಪಾಳಿಯಲ್ಲಿ ನರಳಾಟ ಕೇಳಿಯೇ ರೋಗಿಗೆ ಎಲ್ಲಿ ನೋವೆಂದು ಗುರುತಿಸುವ ನನಗೆ, ನರಳಾಟವೂ ಪ್ರಾರ್ಥನೆಯಾಗಬಹುದೆಂಬುದು ಆಗ ಹೊಳೆಯಿತು.

ಕನ್ನಡದಲ್ಲಿಯೇ ಓದಬೇಕಿತ್ತು, ಆಸ್ಪತ್ರೆಯಲ್ಲಿ ಇಡೀ ದಿನ ಇಂಗ್ಲಿಷಿನಲ್ಲಿ ವ್ಯವಹರಿಸುವ ನನಗೆ ದುಃಖ ಆ ಭಾಷೆಯಲ್ಲಿ ಇಳಿಯುತ್ತಿರಲಿಲ್ಲ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲಿನ ಅನುವಾದಕ್ಕೆ ತೊಡಗಿದರು. ಅವರೊಂದಿಗೆ ದುಡಿದ ವಿಲಿಯಂ ರೀವ್ ನಿಘಂಟನ್ನೂ ಸಿದ್ಧಪಡಿಸಿದರು. ಆಮೇಲೆ ಆ ಅನುವಾದ ಹಲವರ ಕೈಯಲ್ಲಿ ಹಲವು ಸಲ ತಿದ್ದುಪಡಿಯಾಗಿದೆ, ನಿಜ. ಆದರೂ ಆ ಕೆಲಸಕ್ಕೆ ಅವರು ಕುಳಿತದ್ದು ನಮ್ಮ ಗುಡ್ಡದ ಬಿಸಿಲಿನಲ್ಲಿ ಎಂಬ ಅಭಿಮಾನ ನನಗಿದೆ, ಅತಿಯೆನಿಸಿದರೆ ಕ್ಷಮಿಸಬೇಕು.

23ರ ಶುಕ್ರವಾರ, ಬಾಯಿ ಮುಚ್ಚಿದ ಕರ್ಜಿಕಾಯಿಗಳನ್ನು ಡಬ್ಬಿಗೆ ತುಂಬಿಕೊಂಡು ಇಬ್ಬರೂ ಆ ಕೋಣೆಗೆ ಹೋದೆವು. ರಾಯಚೂರಿನ ಹಿರಿಯರೊಬ್ಬರು ಅಂದಿನ ಪಾಠ ಓದಿದರು. ಕುರುಬರು, ದೇವದೂತರು, ಗೋದಲಿ ಎಂದುಕೊಂಡು ನಾನು ಮನಸ್ಸನ್ನು ಗಟ್ಟಿ ಮಾಡಿಕೊಂಡಿದ್ದೆ. ಹಸುಗೂಸಿನ ಮಾತು ಬಂದ ಕೂಡಲೇ ಎದ್ದು ಹೊರಗೆ ಹೋಗಲೆಂದು ಬಾಗಿಲ ಪಕ್ಕದಲ್ಲಿಯೇ ಕುಳಿತಿದ್ದೆ. ಅವರು ಮತ್ತಾಯನ ಸುವಾರ್ತೆಯ 2ನೆಯ ಅಧ್ಯಾಯವನ್ನು ಓದುತ್ತ, ಶಿಶು ಯೇಸುವನ್ನು ನೋಡಲು ಬಂದ ಜೋಯಿಸರು ಹಿಂದಿರುಗಿದ ಕಡೆ ನಿಲ್ಲಿಸದೆ ಮುಂದಕ್ಕೆ ಹೋದರು: ಅರಸ ಹೆರೋದನು ಬೆತ್ಲೆಹೇಮಿನ ಕೂಸುಗಳನ್ನು ಕೊಲ್ಲಿಸಿದ್ದು, ರಾಮಾ ಎಂಬ ಊರಿನಲ್ಲಿ ಗೋಳಾಟ ಕೇಳಿಸಿದ್ದು, ಮಕ್ಕಳಿಲ್ಲವಾದ ಕಾರಣ ಇಸ್ರಾಯೇಲ್ಯರ ಮೂಲತಾಯಿ ರಾಹೇಲಳು ಸಂತೈಸಿಕೊಳ್ಳಲೊಲ್ಲದೆ ಅತ್ತದ್ದು. ಹಬ್ಬದ ದಿನ ಸಾಮಾನ್ಯವಾಗಿ ಯಾರೂ ಈ ಭಾಗವನ್ನು ಓದುವುದಿಲ್ಲ, ನಾಟಕದಲ್ಲಂತೂ ಮಕ್ಕಳು ಆಡುವುದೇ ಇಲ್ಲ. ರಾಹೇಲಳ ಕುರಿತ ಪ್ರವಾದಿ ಯೆರೆಮೀಯನ ಮಾತನ್ನು ಮತ್ತಾಯನು ಯೇಸುವಿನ ಜನನದ ಕಥೆಯ ಒಳಗೇ ತಂದಿಟ್ಟಿದ್ದಾನೆ; ಸಂತೈಸಿಕೊಳ್ಳಲು ಒಪ್ಪದ ಆ ತಾಯಿಗೆ ಅವನು ಬುದ್ಧಿ ಹೇಳುವುದಿಲ್ಲ. ನಾನು ಎದ್ದು ಹೋಗಲಿಲ್ಲ. ಅಲ್ಲಿಯೇ ಕುಳಿತು, ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳದೆ ಅತ್ತೆ. ಪಕ್ಕದಲ್ಲಿದ್ದ ಅಕ್ಕ ನನ್ನ ಕೈ ಹಿಡಿದುಕೊಂಡರು, ಏನೂ ಹೇಳಲಿಲ್ಲ.

ಭಾನುವಾರ ನಸುಕಿನಲ್ಲಿ ಫೋನು ಬಡಿದುಕೊಂಡಿತು. ಬಳ್ಳಾರಿಯಲ್ಲಿ ಐದು ಗಂಟೆಯಾದರೆ ಮಸ್ಕತ್ತಿನಲ್ಲಿ ಮೂರೂವರೆ. ಅವ್ವ ಫೋನನ್ನು ಬೆಂಚಿನ ಮೇಲೆ ಹಾಡಿನ ಪುಸ್ತಕಕ್ಕೆ ಒರಗಿಸಿ ಇಟ್ಟಿದ್ದಳೆಂದು ಕಾಣುತ್ತದೆ. ಯಾರದೋ ಕೆಮ್ಮು, ಹಾರ್ಮೋನಿಯಂನ ಒಂದು ಕಟ್ಟಿದ ಸ್ವರ, ಹೊಸ ಸೀರೆಗಳ ಸರಬರ ಕೇಳಿಸುತ್ತಿದ್ದವು. ಆ ವರ್ಷ ತೀರಿಹೋದವರಿಗಾಗಿ ಸಭೆಯ ಪಾದ್ರಿ ಅಯ್ಯನವರು ದೇವರಿಗೆ ಸ್ತೋತ್ರ ಹೇಳುತ್ತ ಒಂದೊಂದೇ ಹೆಸರು ಓದಿದರು. ನಮ್ಮ ಮಗುವಿಗೆ ಹೆಸರಿಟ್ಟಿರಲಿಲ್ಲ. ಪಟ್ಟಿಯ ಕೊನೆಗೆ ಬಂದು ಅವರು ತುಸು ತಡೆದರು, ಅವ್ವ ಬರೆದುಕೊಟ್ಟ ಚೀಟಿಯನ್ನು ಬಿಡಿಸಿದರೇನೋ, "ಮಸ್ಕತ್ತಿನಲ್ಲಿರುವ ನಮ್ಮ ಮಗಳ ಮಗು" ಎಂದು ಓದಿದರು. ಸಭೆ ಆಮೆನ್ ಎಂದಿತು. ಕತ್ತಲೆಯಲ್ಲಿ ನನ್ನ ಗಂಡನೂ ಆಮೆನ್ ಎಂದರು. ನಾಲ್ಕು ತಿಂಗಳ ಮೇಲೆ ನನ್ನ ಬಾಯಿಂದಲೂ ಅದೊಂದು ಮಾತು ಹೊರಟಿತು.

ಏಳಕ್ಕೆ ಪಾಳಿಯಿತ್ತು. ಉಳಿದ ಕರ್ಜಿಕಾಯಿಗಳನ್ನು ವಾರ್ಡಿಗೆ ಕಟ್ಟಿಕೊಂಡೆ. ಬಾಯಿ ಬಿಟ್ಟ ಐದನ್ನು ನಾವಿಬ್ಬರೂ ಚಹಾದೊಂದಿಗೆ ತಿಂದು, ಬಸ್ಸಿಗೆ ಹೊತ್ತಾಯಿತೆಂದು ಎದ್ದೆವು.