ಮುಚ್ಚಿಡೋಕೆ ಏನೂ ಇಲ್ಲದಿದ್ರೆ ತೋರಿಸೋಕೆ ಏನು ಕಷ್ಟ?

ಕಂಡದ್ದು ಕೇಳಿದ್ದನ್ನೆಲ್ಲ ರೆಕಾರ್ಡ್ ಮಾಡಿಡುವ ಯಂತ್ರ ಬಂದರೆ ನಿಮ್ಮ ನೆನಪುಗಳನ್ನು ಗಂಡನಿಗೆ ತೋರಿಸ್ತೀರಾ? ನಾನು ಟೆಕ್ನಾಲಜಿ ಬಗ್ಗೆ ಬರೆಯುವವಳು ಅಂತ ಗೊತ್ತಾದ ಕೂಡಲೇ ಇದನ್ನು ಕೇಳುತ್ತಾರೆ. ಇಲ್ಲ ಅಂದರೆ ಮೇಲಿನ ಪ್ರಶ್ನೆ ಬರುತ್ತೆ. ಬಾಗಿಲು ಹಾಕಿಕೊಂಡವರೆಲ್ಲ ಕಳ್ಳರಾ? ಹೇಳಿ ಹೇಳಿ ಸಾಕಾಗಿದೆ.

ಯಂತ್ರದ ಮೇಲೆ ನನಗೇನೂ ಸಿಟ್ಟಿಲ್ಲ. ತಾನಾಗಿಯೇ ಫೋಟೋ ತೆಗೆಯುವ, ಕೊರಳಿಗೆ ತೂಗುಹಾಕುವ ಸೆನ್ಸ್‌ಕ್ಯಾಮ್ ಅನ್ನು ಮೈಕ್ರೋಸಾಫ್ಟ್‌ನವರು 2000ರ ದಶಕದಲ್ಲೇ ಮಾಡಿದ್ದರು. ನೆನಪಿನ ಶಕ್ತಿ ಕಳೆದುಕೊಂಡವರಿಗೆ ಅದರಿಂದ ಸಹಾಯ ಆಗಿದೆ. ಅದು ತನ್ನ ದಿನವನ್ನು ತಾನೇ ನೋಡಿಕೊಳ್ಳುವುದು. ಇನ್ನೊಬ್ಬರ ದಿನವನ್ನು ಅನುಮಾನದಿಂದ ನೋಡುವುದು ಬೇರೆ ಮಾತು.

ಒಮ್ಮೆ ಸ್ನೇಹಿತನೊಬ್ಬ ಇದನ್ನೇ ಕೇಳಿದ. ಪಕ್ಕದಲ್ಲಿ ಅವನ ಹೆಂಡತಿ ಇದ್ದಳು. ಕೇಳಿದ್ದು ನನ್ನನ್ನು, ನೋಡಿದ್ದು ಅವಳನ್ನು. ಅವಳು ಏನೂ ಹೇಳದೆ ಮೇಜಿನ ಮೇಲಿದ್ದ ಫೋನಿನ ಲಾಕ್ ತೆಗೆದು ಅವನ ಮುಂದಿಟ್ಟಳು. ಅವನು ತಗೊಂಡ, ನೋಡಿದ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಮೆಸೇಜುಗಳನ್ನು ಮೊದಲಿಂದ ಓದೋಕೆ ಶುರು ಮಾಡಿದ. ಅವನಿಗೆ ಸಮಾಧಾನ ಆದ ಹಾಗೆ ಕಾಣಲಿಲ್ಲ.

ಆಗೋದೂ ಇಲ್ಲ. 2016ರಲ್ಲಿ ಅಮೆರಿಕದ ಸಂಶೋಧಕರು ಒಂದೇ ಅಪರಾಧದ ವಿಡಿಯೋವನ್ನು ಕೆಲವರಿಗೆ ಮಾಮೂಲಿ ವೇಗದಲ್ಲಿ, ಕೆಲವರಿಗೆ ಸ್ಲೋ ಮೋಷನ್‌ನಲ್ಲಿ ತೋರಿಸಿದರು. ನಿಧಾನವಾಗಿ ನೋಡಿದವರಿಗೆ ಅದು ಬೇಕಂತಲೇ ಮಾಡಿದ್ದು ಅಂತ ಜಾಸ್ತಿ ಅನ್ನಿಸಿತು. ಅಪರಿಚಿತನ ವಿಷಯದಲ್ಲೇ ಹೀಗಾದರೆ, ಹೆಂಡತಿ ಯಾರ ಜೊತೆಗೋ ನಕ್ಕ ಎರಡು ಸೆಕೆಂಡನ್ನು ಹೊಟ್ಟೆಕಿಚ್ಚಿನವನು ರಾತ್ರಿಯೆಲ್ಲ ಹಿಂದೆ ಮುಂದೆ ಓಡಿಸಿ ನೋಡಿದರೆ ಅದರಲ್ಲಿ ಏನೇನು ಕಾಣಲಿಕ್ಕಿಲ್ಲ? ನಕ್ಕದ್ದು ರೆಕಾರ್ಡ್ ಆಗುತ್ತೆ, ಯಾಕೆ ನಕ್ಕಳು ಅನ್ನೋದು ಆಗಲ್ಲ. ಬೇಡವಾದದ್ದನ್ನು ಅಳಿಸಿದರಾಯ್ತು ಅಂತೀರಾ? ಅಳಿಸಿದ ಹತ್ತು ನಿಮಿಷದಲ್ಲಿ ಏನಿತ್ತು ಅಂತ ಮತ್ತೆ ಜಗಳ.

ನನ್ನನ್ನು ಯಾರಾದರೂ ಬೇರೆ ಪ್ರಶ್ನೆ ಕೇಳಬಾರದಾ ಅನ್ನಿಸುತ್ತೆ. ಅವಳ ಬಾಯಿಮಾತು ನನಗೆ ಸಾಲದೇ ಹೋಗಿದ್ದು ಯಾವಾಗಿನಿಂದ, ಈಗ ಏನು ಮಾಡಲಿ, ಅಂತ. ಹಾಗೆ ಕೇಳಿದವರ ಜೊತೆ ಎಷ್ಟು ಹೊತ್ತು ಬೇಕಾದರೂ ಕೂರುತ್ತೇನೆ. ಅದಕ್ಕೆ ಯಂತ್ರ ಬರುವ ತನಕ ಕಾಯಬೇಕಾಗಿಲ್ಲ, ಅಲ್ವಾ?

ಮೊದಲಿನ ಪ್ರಶ್ನೆಗೆ ಉತ್ತರ: ಗಂಡನಿಗೆ ತೋರಿಸಲ್ಲ, ಅವರದ್ದನ್ನು ನೋಡೋದೂ ಇಲ್ಲ. ಅವರು ಕೇಳಿದರೆ ನೆನಪಿದ್ದಷ್ಟು ಹೇಳುತ್ತೇನೆ.