ಬೀಗ ಹಾಕಿದ ಹಾಗೇ ಇತ್ತು

ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಏಳು ಕೋಳಿಗಳಲ್ಲಿ ಆರು ಮೂಲೆಗೆ ಒತ್ತಿಕೊಂಡು ನಿಂತಿದ್ದವು. ಏಳನೆಯದು, ಕಪ್ಪು ಹ್ಯಾಟೆ, ಜಾಲರಿ ಪಕ್ಕದಲ್ಲೇ ಬಿದ್ದಿತ್ತು. ತಲೆ ಇರಲಿಲ್ಲ. ಬೀಗ ಹಾಕಿದ ಹಾಗೇ ಇತ್ತು. ಜಾಲರಿ ಎಲ್ಲೂ ಹರಿದಿರಲಿಲ್ಲ.

ಅರ್ಧ ದಿನ ತಲೆ ಕೆಡಿಸಿಕೊಂಡೆ. ಜಾಲರಿಯ ಹೊರಮೈಗೆ ಅಂಟಿದ್ದ ಪುಕ್ಕ ಕಂಡ ಮೇಲೆ ಅರ್ಥವಾಯಿತು. ಒಳಗೆ ಏನೂ ಬಂದೇ ಇಲ್ಲ. ಯಾವುದೋ ಪ್ರಾಣಿ ಹೊರಗೆ ನಿಂತು, ಜಾಲರಿಯ ಕಣ್ಣಿನೊಳಗೆ ಪಂಜ ತೂರಿಸಿ, ಸಿಕ್ಕಿದ್ದನ್ನು ಎಳೆದುಕೊಂಡಿದೆ. ಕತ್ತಲಲ್ಲಿ ಕೋಳಿಗೆ ಸರಿಯಾಗಿ ಕಣ್ಣು ಕಾಣುವುದಿಲ್ಲ. ಪಾಪ, ಕೂತಲ್ಲೇ ಕೂತಿರುತ್ತದೆ.

ನಾನು ಕಟ್ಟಿದ್ದು ಆರು ಮೂಲೆ ಕಣ್ಣಿನ ಕೋಳಿ ಜಾಲರಿ. ಹೆಸರಲ್ಲೇ ಕೋಳಿ ಇದೆ, ಇನ್ನೇನು ಬೇಕು ಅಂದುಕೊಂಡಿದ್ದೆ. ಅದು ಕೋಳಿ ಹೊರಗೆ ಹೋಗದ ಹಾಗೆ ನೋಡಿಕೊಳ್ಳುತ್ತದೆ, ಅಷ್ಟೇ. ನಾಯಿ ಹಟ ಹಿಡಿದರೆ ಆ ತೆಳು ತಂತಿಯನ್ನು ಹಲ್ಲಿನಲ್ಲೇ ಹರಿಯುತ್ತದೆ. ಈಗ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್, ಅಂದರೆ ತಂತಿಗಳನ್ನು ಬೆಸುಗೆ ಹಾಕಿ ಕೂಡಿಸಿದ ಗಟ್ಟಿ ಜಾಲರಿ, ಹಾಕಿದ್ದೇನೆ. ಖರ್ಚು ಜಾಸ್ತಿ ಅಂತ ಮೊದಲು ಕೆಳಗಿನ ಮೂರು ಅಡಿಗೆ ಮಾತ್ರ ಹಾಕಲು ಹೊರಟಿದ್ದೆ. ಹತ್ತುವ ಹಾವಿಗೆ, ಇಲಿಗೆ ಮೂರು ಅಡಿ ಯಾವ ಲೆಕ್ಕ! ಸೂರಿನ ಕೆಳಗಿನ ಗಾಳಿ ಕಿಂಡಿವರೆಗೂ ಹಾಕಬೇಕಾಯಿತು. ಕಿಂಡಿಯನ್ನೇ ಮುಚ್ಚಿಬಿಡೋಣ ಅಂದರೆ ಆಗುವುದಿಲ್ಲ. ಹಿಕ್ಕೆಯ ಅಮೋನಿಯಾ ಒಳಗೇ ನಿಂತರೆ ಕೋಳಿಗೆ ಉಸಿರಿನ ತೊಂದರೆ ಶುರುವಾಗುತ್ತದೆ.

ಹಳೆ ಜಾಲರಿ ಬಿಚ್ಚಲು ಇಕ್ಕಳ ತಂದಿದ್ದೆ. ಬೇಕಾಗಲೇ ಇಲ್ಲ. ನಾನೇ ಹೊಡೆದಿದ್ದ ಪಿನ್ನುಗಳು ಕೈಯಲ್ಲಿ ಎಳೆದರೆ ಬಂದವು. ಸ್ವಲ್ಪ ನಾಚಿಕೆಯೇ ಆಯಿತು. ಈಗ ಅಗಲವಾದ ವಾಷರ್ ಇಟ್ಟು ಸ್ಕ್ರೂ ಬಿಗಿದಿದ್ದೇನೆ. ಕೋಳಿ ಕೂರುವ ಗಳವನ್ನು ಜಾಲರಿಯಿಂದ ಒಂದೂವರೆ ಅಡಿ ಒಳಕ್ಕೆ ಸರಿಸಿದ್ದೇನೆ. ಇದಕ್ಕೆ ಒಂದು ರೂಪಾಯಿಯೂ ಬೇಕಿರಲಿಲ್ಲ. ಇದನ್ನು ಮೊದಲೇ ಮಾಡಿದ್ದರೆ ಕಪ್ಪು ಹ್ಯಾಟೆ ಉಳಿಯುತ್ತಿತ್ತೇನೋ.

ನೆಲದ ಕೆಲಸ ಮಾತ್ರ ಸಾಕುಸಾಕಾಯಿತು. ಸುತ್ತ ಒಂದಡಿ ಅಗೆದು ಮೆಶ್ ಹೂಳಲು ಹೋದೆ. ಒಂದು ಬದಿ ಮುಗಿಯುವಷ್ಟರಲ್ಲಿ ಸೊಂಟ ಹಿಡಿಯಿತು. ಉಳಿದ ಮೂರು ಬದಿಗೆ ಅಗೆಯಲೇ ಇಲ್ಲ. ಮೆಶ್ಶನ್ನು ಗೂಡಿನ ಬುಡಕ್ಕೆ ಬಿಗಿದು, ಹೊರಕ್ಕೆ ಎರಡು ಅಡಿ ನೆಲದ ಮೇಲೆ ಹಾಸಿ, ಮೇಲೆ ಮಣ್ಣು ಕಲ್ಲು ಹಾಕಿದೆ. ತೋಡುವ ಪ್ರಾಣಿ ಸಾಮಾನ್ಯವಾಗಿ ಗೋಡೆ ಬುಡಕ್ಕೇ ಬಂದು ಕೆರೆಯುತ್ತದೆ. ಎರಡು ಅಡಿ ಹಿಂದೆ ಸರಿದು ಶುರು ಮಾಡೋಣ ಅಂತ ಅದಕ್ಕೆ ಹೊಳೆಯುವುದಿಲ್ಲ. ಒಂದು ಸಲ ಯಾವುದೋ ಬಂದು ಕೆರೆದು, ತಂತಿ ಸಿಕ್ಕಿ, ಹಾಗೇ ಬಿಟ್ಟು ಹೋಗಿತ್ತು. ಆ ಗುರುತು ನೋಡಿ ಆದ ಖುಷಿ ಅಷ್ಟಿಷ್ಟಲ್ಲ.

ಸಂಜೆ ಉಳಿದ ಕಾಳನ್ನೂ ಮೊಟ್ಟೆಯನ್ನೂ ಒಳಗೆ ತರುತ್ತೇನೆ. ಕಾಳಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು. ಮುಂಗುಸಿಗೆ ರಾತ್ರಿಯ ಹಂಗಿಲ್ಲ, ಹಗಲೇ ಬರುತ್ತದೆ. ಹಾಗಾಗಿ ಅಂಗಳದ ಬೇಲಿಗೂ ಅದೇ ಮೆಶ್, ಹದ್ದಿಗೆ ಅಂತ ಮೇಲೆ ಬಲೆ.

ಇಷ್ಟೆಲ್ಲ ಮಾಡಿದವಳು ಹೋದ ವಾರ ಬಾಗಿಲು ಹಾಕುವುದನ್ನೇ ಮರೆತು ಮಲಗಿದೆ. ರಾತ್ರಿ ಹನ್ನೊಂದಕ್ಕೆ ನೆನಪಾಗಿ ಟಾರ್ಚ್ ಹಿಡಿದು ಓಡಿದೆ. ಎಣಿಸಿದರೆ ಐದೇ! ಮತ್ತೆ ಎಣಿಸಿದೆ, ಆಗಲೂ ಐದು. ಆರನೆಯದು ಮೊಟ್ಟೆ ಪೆಟ್ಟಿಗೆಯೊಳಗೆ ಮುದುಡಿ ಕೂತಿತ್ತು. ಬೆಳಕು ಬಿದ್ದಿದ್ದಕ್ಕೆ ನನ್ನ ಮೇಲೇ ಗೊಣಗಿತು.