ತಿರುಗಿದ ಅಚ್ಚಿನ ನಾಣ್ಯಗಳು: ಬರೀ ಕೋನ ಬರೆದರೆ ಸಾಲದು

ನಾಣ್ಯದ ಎರಡು ಮುಖಗಳನ್ನು ಒತ್ತುವ ಅಚ್ಚುಗಳಲ್ಲಿ (ಡೈ) ಒಂದು ತಿರುಗಿದ್ದರಿಂದ ಹಿಮ್ಮುಖ ಓರೆಯಾಗಿ ಬಂದ ನಾಣ್ಯವೇ ರೊಟೇಟೆಡ್ ಡೈ ನಾಣ್ಯ. ಇಂಥವನ್ನು ಕೂಡಿಸಲು ಹೊರಟವರು ಮೊದಲು ಸೊನ್ನೆ ಡಿಗ್ರಿ, ಅಂದರೆ ತಿರುವೇ ಇಲ್ಲದ ಸರಿಯಾದ ಜೋಡಣೆ, ಎಲ್ಲಿದೆ ಎಂದು ಗೊತ್ತುಮಾಡಿಕೊಳ್ಳಬೇಕು. ಬ್ರಿಟನ್ನಿನ ಈಗಿನ ನಾಣ್ಯ, ಯೂರೋ ನಾಣ್ಯಗಳನ್ನು ಪುಸ್ತಕದ ಹಾಳೆಯಂತೆ ಪಕ್ಕಕ್ಕೆ ಮಗುಚಿದರೆ ಹಿಮ್ಮುಖ ನೆಟ್ಟಗೆ ಕಾಣುತ್ತದೆ. ಇದು ಮೆಡಲ್ ಅಲೈನ್‌ಮೆಂಟ್. ಅಮೆರಿಕದ ನಾಣ್ಯಗಳನ್ನು ಮೇಲಿಂದ ಕೆಳಕ್ಕೆ ಮಗುಚಬೇಕು. ಇದು ಕಾಯಿನ್ ಅಲೈನ್‌ಮೆಂಟ್. ಇದು ತಿಳಿಯದೆ ಎಷ್ಟೋ ಸರಿಯಾದ ನಾಣ್ಯಗಳು "180 ಡಿಗ್ರಿ ಎರರ್" ಎಂದು ಮಾರಾಟಕ್ಕೆ ಬರುತ್ತವೆ. ಒಂದೇ ದೇಶದಲ್ಲೂ ಕಾಲಕಾಲಕ್ಕೆ ಪದ್ಧತಿ ಬದಲಾಗಿರಬಹುದು. ಹಾಗಾಗಿ ಅದೇ ಮುಖಬೆಲೆಯ, ಅದೇ ವರ್ಷದ, ಅದೇ ಟಂಕಸಾಲೆಯ ಎರಡು ಮೂರು ಸಾಧಾರಣ ನಾಣ್ಯಗಳನ್ನು ಪಕ್ಕದಲ್ಲಿಟ್ಟುಕೊಂಡೇ ನೋಡಿ.

ಅಳೆಯಲು ಚೌಕದ ಪಾರದರ್ಶಕ ಹೋಲ್ಡರ್ ಸಾಕು. ಮುಮ್ಮುಖ ನೆಟ್ಟಗಿರುವಂತೆ ನಾಣ್ಯ ಕೂರಿಸಿ, ಹೋಲ್ಡರಿನ ಮೇಲಂಚಿನ ನಡುವೆ ಗುರುತು ಹಾಕಿ. ಹೋಲ್ಡರನ್ನೇ ಪಕ್ಕಕ್ಕೆ ಮಗುಚಿ, ಹಿಮ್ಮುಖದ ಚಿತ್ರದ ಮೇಲ್ತುದಿ ಆ ಗುರುತಿನಿಂದ ಎಷ್ಟು ಸರಿದಿದೆ ಎಂದು ಕೋನಮಾಪಕದಲ್ಲಿ ಓದಿ. ಕಾಯಿನ್ ಅಲೈನ್‌ಮೆಂಟಿನ ನಾಣ್ಯವಾದರೆ ಹಿಮ್ಮುಖದ ಬುಡದಿಂದ ಎಣಿಸಬೇಕು. ತಿರುಗಿದ್ದು ಪ್ರದಕ್ಷಿಣವೋ ಅಪ್ರದಕ್ಷಿಣವೋ ಎಂಬುದನ್ನು ಹಿಮ್ಮುಖ ನೋಡಿಕೊಂಡು ಬರೆಯುವುದು ರೂಢಿ. ತಲೆಯ ಚಿತ್ರದ ಕತ್ತನ್ನು ನೆಟ್ಟಗೆ ಎಂದು ನಂಬಬೇಡಿ; ಎಡಬಲ ಸಮನಾಗಿ ಕೂತ ಅಕ್ಷರಗಳನ್ನು ಅಥವಾ ಇಸವಿಯನ್ನು ಆಧಾರ ಮಾಡಿಕೊಳ್ಳಿ. ಕ್ಯಾಮೆರಾ ಓರೆಯಾಗಿದ್ದರೆ ಫೋಟೋದಿಂದ ಅಳೆದ ಕೋನವೂ ತಪ್ಪುತ್ತದೆ.

ಸುಮಾರು 15 ಡಿಗ್ರಿಗಿಂತ ಕಡಿಮೆ ತಿರುವಿಗೆ ಹೆಚ್ಚು ದುಡ್ಡು ಕೊಡಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಅಂಥವು ಬೇಕಾದಷ್ಟಿವೆ. 90 ದಾಟಿದವು ಅಪರೂಪ, 180ಕ್ಕೆ ಬೇಡಿಕೆ ಹೆಚ್ಚು. ಅಮೆರಿಕದ 1989ರ ಕಾಂಗ್ರೆಸ್ ದ್ವಿಶತಮಾನೋತ್ಸವದ ಬೆಳ್ಳಿ ಡಾಲರಿನಲ್ಲಿ, ಡಿ ಗುರುತಿನ (ಡೆನ್ವರ್ ಟಂಕಸಾಲೆಯ) ಕೆಲವು ನಾಣ್ಯಗಳ ಹಿಮ್ಮುಖ ಪೂರ್ತಿ 180 ಡಿಗ್ರಿ ತಿರುಗಿದೆ.

ಈಗ ನಿಜವಾದ ರುಚಿಯ ವಿಷಯ. ಅಚ್ಚು ತಿರುಗುವುದಕ್ಕೆ ಮುಖ್ಯ ಕಾರಣ ಎರಡು: ಜೋಡಿಸುವಾಗಲೇ ತಪ್ಪಾಗಿ ಕೂರಿಸಿದ್ದು, ಇಲ್ಲವೇ ಹಿಡಿತ ಸಡಿಲವಾಗಿ ಪೆಟ್ಟು ಪೆಟ್ಟಿಗೂ ಅಚ್ಚು ಸರಿದದ್ದು. ಒಂದೇ ನಾಣ್ಯ ನೋಡಿದರೆ ಯಾವುದೆಂದು ಹೇಳಲಾಗದು. ಆದರೆ ಒಂದೇ ಅಚ್ಚುಜೋಡಿಯ ಹಲವು ನಾಣ್ಯಗಳಲ್ಲಿ ಕೋನ ಒಂದೇ ಇದ್ದರೆ ಜೋಡಣೆಯ ತಪ್ಪೆಂದು ಊಹಿಸಬಹುದು. 20, 45, 110 ಎಂದು ಚೆದುರಿದ್ದರೆ ಅಚ್ಚು ಸಡಿಲವಾಗಿತ್ತು. ಒಂದೇ ಜೋಡಿ ಎಂದು ಗುರುತಿಸುವುದು ಅಚ್ಚಿನ ಬಿರುಕು, ಗೀರು, ಚಕ್ಕೆ ಎದ್ದ ಜಾಗಗಳಿಂದ. ಆದ್ದರಿಂದ ಲೇಬಲ್ಲಿನಲ್ಲಿ ಕೋನದ ಜೊತೆಗೆ ಈ ಗುರುತುಗಳನ್ನೂ ಬರೆಯಿರಿ. ಇಲ್ಲದಿದ್ದರೆ ಸಂಗ್ರಹದ ಅರ್ಧ ಮಾಹಿತಿ ಕಳೆದುಹೋದಂತೆ.

ಡೈ ಕ್ಲ್ಯಾಶ್ ಇದ್ದರಂತೂ ಅದೃಷ್ಟ. ನಡುವೆ ಬಿಲ್ಲೆ (ಚಿತ್ರ ಒತ್ತುವ ಮುಂಚಿನ ಖಾಲಿ ಲೋಹದ ತುಂಡು) ಇಲ್ಲದೆ ಅಚ್ಚುಗಳು ಒಂದಕ್ಕೊಂದು ಬಡಿದಾಗ, ಒಂದರ ಚಿತ್ರದ ನೆರಳು ಇನ್ನೊಂದರ ಮೇಲೆ ಉಳಿಯುತ್ತದೆ. ಬಡಿದ ಆ ಗಳಿಗೆಯಲ್ಲಿ ಅಚ್ಚುಗಳ ನಡುವೆ ಎಷ್ಟು ಕೋನವಿತ್ತು ಎಂಬುದು ಆ ನೆರಳಿನಲ್ಲಿದೆ. ನೆರಳು ಸರಿಯಾದ ದಿಕ್ಕಿನಲ್ಲಿದ್ದು ನಾಣ್ಯ ಮಾತ್ರ ತಿರುಗಿದ್ದರೆ, ಅಚ್ಚು ತಿರುಗಿದ್ದು ಕ್ಲ್ಯಾಶ್ ಆದ ಮೇಲೆ. 10 ಪಟ್ಟು ದೊಡ್ಡದಾಗಿ ತೋರುವ ಲೂಪ್ ಹಿಡಿದು ಪಕ್ಕದ ಬೆಳಕಿನಲ್ಲಿ ಹುಡುಕಿ.

ಏಳು ಮೂಲೆಯ ನಾಣ್ಯದ ಅಚ್ಚು ಕಾಲರಿನಲ್ಲಿ (ಒತ್ತುವಾಗ ಬಿಲ್ಲೆಯ ಸುತ್ತ ಇರುವ, ನಾಣ್ಯದ ಆಕಾರದ ಬಳೆ) ಕೂರಬೇಕಾದ್ದರಿಂದ ತಿರುವು ಸುಮಾರು 51.4 ಡಿಗ್ರಿಯ ಗುಣಕಗಳಲ್ಲೇ ಬರಬೇಕು. ನಡುವಿನ ಕೋನ ಕಂಡರೆ ಮತ್ತೆ ಅಳೆಯಿರಿ. ಕೈಯಿಂದ ಬಡಿದು ಮಾಡುತ್ತಿದ್ದ ಪ್ರಾಚೀನ ನಾಣ್ಯಗಳಲ್ಲಿ ಕೋನ ಹೇಗಿದ್ದರೂ ಅದನ್ನು ದೋಷವೆಂದು ಎಣಿಸುವುದಿಲ್ಲ. ಅಲ್ಲಿ ಅದನ್ನು ಗಡಿಯಾರದ ಗಂಟೆಯ ಲೆಕ್ಕದಲ್ಲಿ, 6 ಅಥವಾ 12 ಎಂಬಂತೆ, ವಿವರಣೆಗಾಗಿ ಬರೆಯುತ್ತಾರೆ. ಅಂಚಿನ ಬರಹ ತಲೆಕೆಳಗಾಗಿದ್ದರೂ ಅದಕ್ಕೂ ಅಚ್ಚಿನ ತಿರುವಿಗೂ ಸಂಬಂಧವಿಲ್ಲ.

ಇನ್ನು ಮೋಸ. ಒಂದು ನಾಣ್ಯವನ್ನು ಬಟ್ಟಲಿನಂತೆ ಕೊರೆದು, ಇನ್ನೊಂದನ್ನು ತೆಳುವಾಗಿ ಅರೆದು ಅದರೊಳಗೆ ಕೂರಿಸಿದರೆ ಬೇಕಾದ ಕೋನ ಸಿಗುತ್ತದೆ. ಬೆಸುಗೆಯ ಗೆರೆ ಅಂಚಿನ ಮೇಲಲ್ಲ, ಮುಖದ ಸುತ್ತಲಿನ ಉಬ್ಬಿದ ದಿಂಡಿನ ಒಳಮಗ್ಗುಲಲ್ಲಿ ಅಡಗಿರುತ್ತದೆ. ಸುತ್ತಲೂ ಲೂಪಿನಲ್ಲಿ ನೋಡಿ, 0.01 ಗ್ರಾಂ ತೋರುವ ತಕ್ಕಡಿಯಲ್ಲಿ ತೂಗಿ, ಸಾಧಾರಣ ನಾಣ್ಯದ ತೂಕದ ಜೊತೆ ಹೋಲಿಸಿ. ತೂಕ ಸರಿಬಂದರೂ ಗೆರೆ ಕಂಡರೆ ಕೊಳ್ಳಬೇಡಿ.